ಎಣ್ಣೆಗೆ ನೆಂಟಸ್ತನ ಇಲ್ಲ

ಮೊನ್ನೆ ನನ್ನ ತಮ್ಮನ ಮಗ ಒಂದು ಸಣ್ಣ ಟ್ರಾಕ್ಟರ್ ಕೊಳ್ಳುತ್ತೇನೆಂದು ಕೆಂಗೇರಿಯಿಂದಾಚೆ ಮೈಸೂರು ರಸ್ತೆಯ ಒಂದು ಅಂಗಡಿಗೆ ಹೊರಟ. ಮುದುಕಿಗೂ ಒಂದಿಷ್ಟು ಗಾಳಿ ತಾಗಲಿ ಅಂತ ನನ್ನನ್ನೂ ಕಾರಿಗೆ ಹತ್ತಿಸಿಕೊಂಡ. ಅಂಗಡಿಯವನು ಸನ್ನೆಕೋಲು ಎಳೆದ, ಟ್ರಾಕ್ಟರಿನ ಹಿಂದೆ ಕಟ್ಟಿದ್ದ ಉಳುವ ಸಾಧನ ಮೇಲೆದ್ದು ನಿಂತಿತು. ಎಷ್ಟು ನಯವಾಗಿ ಎತ್ತುತ್ತೆ ನೋಡಿ ಸಾರ್ ಎನ್ನುತ್ತಾ ಆ ಮನುಷ್ಯ ಅದರ ಕೆಳಗೇ ಬಗ್ಗಿ, ಅಲಗುಗಳನ್ನು ಒಂದೊಂದಾಗಿ ತಟ್ಟಿ ತೋರಿಸತೊಡಗಿದ. ನಾನು ತಡೆಯಲಾರದೆ, "ಕೈ ತೆಗಿಯಪ್ಪಾ, ಎಣ್ಣೆಗೆ ನೆಂಟಸ್ತನ ಇಲ್ಲ" ಅಂದೆ. ಅವನು ನನ್ನ ಮುಖ ನೋಡಿ, ಆಮೇಲೆ ತಮ್ಮನ ಮಗನ ಮುಖ ನೋಡಿ, ಅಜ್ಜಿಗೆ ಅರಳುಮರಳು ಅಂತ ತೀರ್ಮಾನ ಮಾಡಿಕೊಂಡು ನಕ್ಕ. ನಗಲಿ ಬಿಡಿ.

ಆ ಮಾತು ನನ್ನದಲ್ಲ. ಅದನ್ನು ಹೇಳುತ್ತಿದ್ದವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಮಾರೇನಹಳ್ಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರೇನಪ್ಪ ಎಂದು ಕೇಳಿದರೆ "ಹೆಸರು ಯಾಕೆ?" ಎಂದು ತಿರುಗಿಸಿ ಕೇಳುತ್ತಿದ್ದ. ಯಾಕೆ ಅಂದರೆ ಏನು ಹೇಳುವುದು? ಕೇಳಿದವರೇ ಕಳ್ಳರ ಹಾಗೆ ತಲೆ ಕೆರೆದುಕೊಂಡು ಹೋಗುತ್ತಿದ್ದರು. ಕೊನೆಗೆ ಊರು ಆತನಿಗೆ ಟ್ರಾಕ್ಟರ್‌ನೋನು ಅಂತಲೇ ಹೆಸರಿಟ್ಟಿತು.

ಐವತ್ತರ ದಶಕದ ಮಾತು. ನಾನು ಕೆಂಗೇರಿ ಕಡೆಯ ಹಳ್ಳಿಯಿಂದ ಮಾರೇನಹಳ್ಳಿಗೆ ಸೊಸೆಯಾಗಿ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಈಗ ಮೆಟ್ರೋ ಕಂಬಗಳು ನಿಂತಿರುವ ಅತ್ತಿಗುಪ್ಪೆಯ ಕಡೆಗೆ ನಮ್ಮ ರಾಗಿ ಹೊಲ ಇತ್ತು. ಪಕ್ಕದಲ್ಲಿ ಒಂದು ಸೇದೋ ಬಾವಿ, ಬದುವಿನ ಮೇಲೆ ಒಂದು ಹೊಂಗೆ ಮರ. ಮನೆಯಲ್ಲಿ ನಮ್ಮ ಅತ್ತೆ, ನಮ್ಮ ಯಜಮಾನರು, ಯಜಮಾನರ ಚಿಕ್ಕಪ್ಪ ಅಂದರೆ ನನ್ನ ಚಿಕ್ಕಮಾವ, ನಾನು. ಮಾವನವರು ಆಗಲೇ ತೀರಿಕೊಂಡಿದ್ದರು. ವರ್ಷವಿಡೀ ಮುದ್ದೆ ಆಗಬೇಕಾದದ್ದು ಆ ಒಂದು ಹೊಲದಿಂದಲೇ.

ಅದು ಯಾರನ್ನೂ ನಂಬದ ಕಾಲ. ಆ ಕಡೆ ರಾಜಾಜಿನಗರ ಅಂತ ಗೆರೆ ಎಳೆಯುತ್ತಿದ್ದರು. ಇವರ ಹೊಲ ಹೋಯಿತಂತೆ, ಅವರ ತೋಪು ಹೋಯಿತಂತೆ ಅಂತ ದಿನಕ್ಕೊಂದು ಸುದ್ದಿ ಬರುತ್ತಿತ್ತು. ಚಡ್ಡಿಯೋ ಪ್ಯಾಂಟೋ ತೊಟ್ಟವನು ಬದುವಿನ ಮೇಲೆ ನಿಂತು ಉಚ್ಚೆ ಹೊಯ್ದರೂ ನಮ್ಮತ್ತೆಗೆ ಅವನು ಹೊಲ ಅಳೆಯಲು ಬಂದವನೇ. ಆ ಹೆಂಗಸು ಗಂಡನನ್ನೂ ನಂಬಿದವಳಲ್ಲ, ದೇವರಿಗೆ ಕಾಯಿ ಒಡೆಸಿದರೂ ಪೂಜಾರಿ ಯಾವ ಹೋಳು ಒಳಗಿಟ್ಟುಕೊಂಡ ಅಂತ ಬಗ್ಗಿ ನೋಡುವವಳು. ಇಂಥಾ ಮನೆಗೆ ಇಂಥಾ ಕಾಲದಲ್ಲಿ ಆತ ಬಂದ.

ಬಂದದ್ದು ನಮ್ಮ ಯಜಮಾನರು ಕರೆದದ್ದಕ್ಕೇ. ಜೋಡೆತ್ತಿನಲ್ಲಿ ಒಂದು ಸತ್ತುಹೋಗಿತ್ತು, ಹೊಲದ ತುಂಬಾ ಗರಿಕೆ ಬೇರುಬಿಟ್ಟಿತ್ತು. ಮಾಗಡಿ ರಸ್ತೆಯ ಕಡೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಪುಟ್ಟ ಟ್ರಾಕ್ಟರ್ ಇದೆ, ಮಣ್ಣಿನ ಕೆಲಸ ಇಲ್ಲದಾಗ ಉಳೋದಕ್ಕೂ ಬಾಡಿಗೆಗೆ ಕಳಿಸ್ತಾನೆ ಅಂತ ಯಾರೋ ಹೇಳಿದ್ದರು. ಬಂತು. ಬೂದಿ ಬಣ್ಣದ್ದು, ನಮ್ಮ ಉಳಿದ ಎತ್ತಿಗಿಂತ ಎತ್ತರವೂ ಇಲ್ಲ. ಇಷ್ಟೇನಾ ಅಂತ ಊರು ಮೂಗು ಮುರಿಯಿತು. ಮೇಲೆ ಕೂತಿದ್ದವನು ಖಾಕಿ ಚಡ್ಡಿಯ, ಬೆಂಕಿಕಡ್ಡಿಯಂಥ ಮನುಷ್ಯ. ಇಳಿದವನೇ ಯಾರನ್ನೂ ಮಾತಾಡಿಸದೆ ಒಂದು ಹಾರೆ ಹಿಡಿದು ಹೊಲಕ್ಕೆ ಇಳಿದ. ಒಂದು ಬದುವಿನಿಂದ ಇನ್ನೊಂದು ಬದುವಿಗೆ ನೇರ ನಡೆಯೋದು, ಹೆಜ್ಜೆ ಹೆಜ್ಜೆಗೂ ಹಾರೆ ತಿವಿಯೋದು, ತಿರುಗಿ ಬರೋದು. ಉಳುವುದಿರಲಿ, ಅರ್ಧ ಬೆಳಗು ತಿವಿಯುವುದರಲ್ಲೇ ಹೋಯಿತು.

"ಅಳೀತಾವ್ನೆ ಕಣೇ," ಅಂದರು ಅತ್ತೆ ನನ್ನ ಕಿವಿಯಲ್ಲಿ. "ಉಳೋನು ಯಾವನಾದ್ರೂ ಹಿಂಗೆ ತಿವೀತಾನಾ?"

ಯಜಮಾನರು ಹೋಗಿ ಕೇಳಿದರು. ಮಣ್ಣಿನೊಳಗೆ ಕಲ್ಲಿದ್ದರೆ ನೇಗಿಲು ಮುರಿಯುತ್ತೆ, ಅದಕ್ಕೇ ನೋಡುತ್ತಿದ್ದೀನಿ ಅಂದನಂತೆ. ನಮ್ಮ ಹೊಲದಲ್ಲಿ ಕಲ್ಲಿಲ್ಲ, ನಮ್ಮ ತಾತನ ಕಾಲದಿಂದ ಉತ್ತಿದೀವಿ ಅಂದರು ಇವರು. "ತಾತ ನೋಡಿರ್ಬೋದು. ನಾನು ನೋಡಿಲ್ಲ" ಅಂದನಂತೆ ಆತ. ಈ ಉತ್ತರದಿಂದ ಅತ್ತೆಯ ಅನುಮಾನ ಕಡಿಮೆ ಆಗಲಿಲ್ಲ, ಗಟ್ಟಿಯಾಯಿತು.

ನೇಗಿಲು ಕಟ್ಟುವ ಕೆಲಸ ಅದಕ್ಕಿಂತ ದೊಡ್ಡ ಪೂಜೆ. ಆ ಟ್ರಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳುಗಳು ಕೆಳಗೆ, ಒಂದು ಮೇಲೆ. ನೇಗಿಲನ್ನು ಮಟ್ಟಸ ನೆಲದ ಮೇಲೆ ನಿಲ್ಲಿಸಿ, ಅದರ ಮುಂದಕ್ಕೆ ಟ್ರಾಕ್ಟರನ್ನು ಹಿಂದಿಂದಕ್ಕೆ ತರುತ್ತಿದ್ದ, ಕೂಸಿಗೆ ಕಾಲು ತಗುಲೀತು ಅನ್ನುವಷ್ಟು ನಿಧಾನವಾಗಿ. ಮೊದಲು ಎಡ ತೋಳು, ಆಮೇಲೆ ಬಲ ತೋಳು, ಕೊನೆಗೆ ಮೇಲಿನದು. ಬಿಚ್ಚುವಾಗ ಮೇಲಿನದೇ ಮೊದಲು. ಒಂದೊಂದಕ್ಕೂ ಒಂದು ಪಿನ್ನು. ಈ ಹೊತ್ತಿನಲ್ಲಿ ಟ್ರಾಕ್ಟರಿಗೂ ನೇಗಿಲಿಗೂ ನಡುವೆ ನೊಣ ಬಂದರೂ ಇಂಜಿನ್ ನಿಲ್ಲಿಸಿಬಿಡುತ್ತಿದ್ದ. ಸಹಾಯಕ್ಕೆ ಅಂತ ಕೈ ಚಾಚಿದವರಿಗೆ ಉಗಿಯುತ್ತಿದ್ದ. ಎಲ್ಲಾ ಆದಮೇಲೆ ಸೀಟಿನ ಪಕ್ಕದ ಸನ್ನೆಕೋಲು ಎಳೆದರೆ ಒಳಗಿನ ಎಣ್ಣೆಯ ಒತ್ತಡಕ್ಕೆ ಆ ತೋಳುಗಳು ನೇಗಿಲನ್ನು ಎತ್ತಿ ಹಿಡಿಯುತ್ತಿದ್ದವು. ನಾಲ್ಕು ಆಳು ಎತ್ತಬೇಕಾದ ಕಬ್ಬಿಣ ತಾನಾಗಿ ಏಳುವುದನ್ನು ನೋಡಿ ಊರ ಹೆಂಗಸರು ಕೈ ಮುಗಿದರು. ಆತನಿಗೆ ಮಾತ್ರ ಅದರ ಮೇಲೆ ಒಂದು ಚೂರೂ ಭಕ್ತಿ ಇರಲಿಲ್ಲ.

"ಎತ್ತು ಒದಿಯೋ ಮುಂಚೆ ಕಿವಿ ಆಡಿಸ್ತದೆ. ಇದು ಆಡ್ಸಲ್ಲ," ಎನ್ನುತ್ತಿದ್ದ. "ಎಣ್ಣೆ ಎತ್ತುತ್ತೆ, ಎಣ್ಣೇನೇ ಕೈ ಬಿಡುತ್ತೆ. ಎಣ್ಣೆಗೆ ನೆಂಟಸ್ತನ ಇಲ್ಲ."

ಹಾಗಾಗಿ ಬೀಡಿ ಸೇದಲು ಇಳಿದರೂ ಸರಿ, ನೇಗಿಲು ನೆಲಕ್ಕೆ ಇಳಿಸಿಯೇ ಇಳಿಯುತ್ತಿದ್ದ. ಎತ್ತಿ ನಿಲ್ಲಿಸಿ ಬಿಟ್ಟು ಹೋದದ್ದನ್ನು ನಾನೊಮ್ಮೆಯೂ ನೋಡಲಿಲ್ಲ. ಆಯುಧಪೂಜೆಯ ದಿನ ಮಾತ್ರ ಇದೇ ದೊಡ್ಡ ರಗಳೆ ಆಯಿತು. ಆವತ್ತು ನಮ್ಮಲ್ಲಿ ನೇಗಿಲ ಮೊನೆ ಮಣ್ಣು ಮುಟ್ಟಬಾರದು, ತೊಳೆದು ಮಣೆಯ ಮೇಲೆ ಇಡುವುದು ಪದ್ಧತಿ. ಎಣ್ಣೆಯಲ್ಲೇ ಎತ್ತಿ ಹಿಡಿಸು, ನಾವು ಕೆಳಗೆ ರಂಗೋಲಿ ಬಿಡ್ತೀವಿ ಅಂದರು ಹೆಂಗಸರು. ಆತ ಸುತರಾಂ ಒಪ್ಪಲಿಲ್ಲ. ನಮ್ಮ ದೇವರೆಂದರೆ ಇವನಿಗೆ ಅಸಡ್ಡೆ ಅಂತ ಮಾತಾಯಿತು. ಕೊನೆಗೆ ಎಲ್ಲಿಂದಲೋ ಒಂದು ಹಲಸಿನ ಕೊರಡು ಉರುಳಿಸಿಕೊಂಡು ಬಂದು, ಅದರ ಮೇಲೆ ನೇಗಿಲು ಕೂರಿಸಿ, ಈಗ ಮಾಡ್ಕೊಳ್ಳಿ ಅಂತ ದೂರ ಹೋಗಿ ಕುಳಿತ. ಅತ್ತೆ ಆ ಕೊರಡಿನ ಸುತ್ತಲೂ ರಂಗೋಲಿ ಬಿಟ್ಟರು, ಗೊಣಗುತ್ತಲೇ.

ಯಂತ್ರವನ್ನೇ ನಂಬದವನು ಮನುಷ್ಯರನ್ನು ನಂಬುತ್ತಾನೆಯೇ? ಎಣ್ಣೆ ತುಂಬುವ ಮುಚ್ಚಳದ ಮೇಲೆ ಸುಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದಿರುತ್ತಿದ್ದ, ಮುಚ್ಚಳವನ್ನೂ ಅದರ ಬುಡವನ್ನೂ ಸೇರಿಸಿ. ಯಾರಾದರೂ ತಿರುಗಿಸಿದ್ದರೆ ಗೆರೆ ಒಡೆಯುತ್ತದೆ, ತಿಳಿದುಬಿಡುತ್ತದೆ. ಯಾರ ಮನೆಯಲ್ಲೂ ಒಂದು ತುತ್ತು ಉಣ್ಣುತ್ತಿರಲಿಲ್ಲ. ಬುತ್ತಿ ತಾನೇ ತರುತ್ತಿದ್ದ, ನೀರನ್ನು ಬಾವಿಯಿಂದ ತಾನೇ ಸೇದಿಕೊಳ್ಳುತ್ತಿದ್ದ. ತಿನ್ನುವಾಗ ಬೆನ್ನನ್ನು ಹೊಂಗೆ ಮರಕ್ಕೆ ಕೊಟ್ಟು, ಕಣ್ಣನ್ನು ಟ್ರಾಕ್ಟರಿಗೆ ಕೊಟ್ಟು ಕೂರುತ್ತಿದ್ದ. ನಾನು ಒಮ್ಮೆ ಮಜ್ಜಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಯಾರು ಕಡೆದದ್ದು ಅಂತ ಕೇಳಿದ. ನಾನೇ ಅಂದೆ. ಚೊಂಬು ಇಸಕೊಂಡು, ಮೂಸಿ, ಬೇಡ ತಾಯಿ ಎಂದು ವಾಪಸು ಕೊಟ್ಟ. ನನಗೆ ಮೈಯೆಲ್ಲಾ ಉರಿದುಹೋಯಿತು.

ಆತನ ಎಡಗೈ ಉಂಗುರದ ಬೆರಳು ಅರ್ಧವೇ ಇತ್ತು. ಯಜಮಾನರು ಕೇಳಿದಾಗ ಮಿಲಿಟರಿ ಪಟಾಲಂನಲ್ಲಿದ್ದಾಗ ಲಾರಿಯ ಬಾಗಿಲಿಗೆ ಸಿಕ್ಕಿದ್ದು ಅಂದಿದ್ದ. ಪಕ್ಕದ ಹೊಲದವರಿಗೆ ಹುಟ್ಟಿನಿಂದಲೇ ಹೀಗೆ ಅಂದಿದ್ದ. ಚಿಕ್ಕಮಾವನಿಗೆ ನಾಯಿ ಕಚ್ಚಿಕೊಂಡು ಹೋಯಿತು ಅಂದಿದ್ದ. ಮಾತೂ ಹಾಗೇ, ಒಂದು ಹೊತ್ತು ಕನ್ನಡ, ಒಂದು ಹೊತ್ತು ಸಾಬರ ಮಾತು, ಸಿಟ್ಟು ಬಂದರೆ ತಮಿಳು. ಒಬ್ಬ ಮನುಷ್ಯನಿಗೆ ಒಂದೇ ಬೆರಳಿಗೆ ಮೂರು ಕತೆ ಇದ್ದರೆ ಯಾವ ಊರು ತಾನೇ ಸುಮ್ಮನಿರುತ್ತೆ ಹೇಳಿ.

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸಿದ್ದು ಆತನ ಉಡಿದಾರ. ಕೆಲಸ ಬಿಟ್ಟು ಅತ್ತಿತ್ತ ಹೋಗುವಾಗಲೆಲ್ಲಾ ಆತ ಆ ಮೂರು ಪಿನ್ನುಗಳನ್ನೂ ಕಿತ್ತುಕೊಂಡು, ಅಂಗಿಯ ಕೆಳಗೆ ಸೊಂಟದ ಉಡಿದಾರಕ್ಕೆ ಪೋಣಿಸಿಕೊಳ್ಳುತ್ತಿದ್ದ. ನಡೆದರೆ ಕಿಣಿಕಿಣಿ ಅನ್ನುತ್ತಿತ್ತು. ಅದು ತಾಯಿತ, ಮಲಯಾಳದ ಕಡೆ ಮಾಡಿಸಿದ್ದು, ಸುಣ್ಣದ ಗೆರೆಗೂ ಇದಕ್ಕೂ ಸಂಬಂಧ ಇದೆ ಅಂತ ಅತ್ತೆ ಬಾವಿಕಟ್ಟೆಯಲ್ಲಿ ಸಾರಿದ್ದರು. ನನಗೋ ಹೊಸ ಸೊಸೆಯ ಕುತೂಹಲ. ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ, ಅಣ್ಣಾ ಅದೇನು ಸೊಂಟದಲ್ಲಿ ಅಂತ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಒಂದನ್ನು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ಹೆಬ್ಬೆರಳುದ್ದದ ಕಬ್ಬಿಣದ ಮೊಳೆ, ತಲೆಯಲ್ಲಿ ಒಂದು ಬಳೆ.

"ಇದು ಇದ್ರೆ ಅದು ಟ್ರಾಕ್ಟರು, ತಾಯಿ. ಇಲ್ದಿದ್ರೆ ಬರೀ ಓಡಾಡೋ ಕುರ್ಚಿ," ಅಂದ. "ನಿಮ್ಮನೇಲಿ ಬೀಗದ ಕೈ ಎಲ್ಲಿಡ್ತೀರಿ?"

ಅತ್ತೆಯ ಸೊಂಟದಲ್ಲಿ ಅಂದೆ. ಹಾಗೇ ಇದೂ ಅಂದ. ಆಮೇಲೆ ನಾನು ಆ ಮೊಳೆಯನ್ನು ಬಹಳ ಹೊತ್ತು ನೋಡಿಬಿಟ್ಟೆ ಅನಿಸಿತೋ ಏನೋ, ತಟಕ್ಕನೆ ಕಿತ್ತುಕೊಂಡು ಮತ್ತೆ ಸೊಂಟಕ್ಕೆ ಸೇರಿಸಿದ.

ಚಿಕ್ಕಮಾವನ ಪ್ರಸಂಗ ನಡೆದದ್ದು ಅದೇ ವರ್ಷ ಸುಗ್ಗಿಗೆ ಮುಂಚೆ. ಚಿಕ್ಕಮಾವ ಅಂದರೆ ದಪ್ಪ ಮೀಸೆಯ, ಭಾರೀ ಆಳು. ಊರಲ್ಲಿ ನಾಲ್ಕು ಜನ ಸೇರಿದ ಕಡೆ ಆತನದೇ ಕೊನೆಯ ಮಾತು. ರಾಗಿ ತೆನೆ ಬಡಿಯುವ ಕಣ ಏರುಪೇರಾಗಿತ್ತು, ಅದನ್ನು ಹದ ಮಾಡಿಕೊಡು ಅಂತ ಟ್ರಾಕ್ಟರ್‌ನೋನನ್ನು ಕರೆಸಿದ್ದೆವು. ನೇಗಿಲು ಬಿಚ್ಚಿ, ಮಣ್ಣು ಸವರುವ ಅಗಲದ ಬ್ಲೇಡು ಕಟ್ಟಿದ. ಈಗ ನಮ್ಮ ಕಡೆಯ ಪದ್ಧತಿ ಹೇಳಬೇಕು. ಎತ್ತಿನ ಹಿಂದೆ ಹಲಗೆ ಕಟ್ಟಿ ಮಟ್ಟ ಮಾಡುವಾಗ ಆ ಹಲಗೆಯ ಮೇಲೆ ಒಬ್ಬ ನಿಲ್ಲಬೇಕು. ಭಾರ ಇಲ್ಲದಿದ್ದರೆ ಹಲಗೆ ಮೇಲೆ ಮೇಲೆ ಜಾರಿಹೋಗುತ್ತದೆ. ಮನೆಯ ಹಿರಿಯ ನಿಲ್ಲುವುದು ಮರ್ಯಾದೆ. ಟ್ರಾಕ್ಟರ್‌ನೋನು ಹಿಂದೆ ತಿರುಗಿ ನೋಡಿ, ಯಾರೂ ಇಲ್ಲ ಅಂತ ಖಾತರಿ ಮಾಡಿಕೊಂಡು, ಮುಂದೆ ತಿರುಗಿ ಸನ್ನೆಕೋಲಿಗೆ ಕೈ ಹಾಕಿದ. ಅಷ್ಟರಲ್ಲೇ ಚಿಕ್ಕಮಾವ ಪಂಚೆ ಎತ್ತಿ ಕಟ್ಟಿ, ಬ್ಲೇಡಿನ ಮೇಲೆ ಹತ್ತಿ ನಿಂತುಬಿಟ್ಟಿತು.

ಬ್ಲೇಡು ಎದ್ದಿತು. ಅದರ ಜೊತೆ ಚಿಕ್ಕಮಾವನೂ ಎದ್ದಿತು. ಕಣದ ಸುತ್ತ ನಿಂತಿದ್ದ ಜನರಲ್ಲಿ ಒಂದು ಹೆಂಗಸು ಕಿಸಕ್ಕೆಂದಳು, ಇಡೀ ಊರು ನಗತೊಡಗಿತು. ಆ ನಗುವಿಗೆ ಹಿಂತಿರುಗಿದ ಟ್ರಾಕ್ಟರ್‌ನೋನ ಮುಖ ಸುಣ್ಣದ ಹಾಗೆ ಬಿಳುಚಿತು. ತಕ್ಷಣ ಇಳಿಸಲಿಲ್ಲ. ಒಮ್ಮೆಲೇ ಬಿಟ್ಟರೆ ಅಂಚಿಗಿದ್ದ ಪಾದ ಜಾರಿ ಅಲಗಿನ ಕೆಳಗೆ ಹೋಗುತ್ತಿತ್ತು. ಸನ್ನೆಕೋಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ, ಅಷ್ಟು ಹೊತ್ತೂ ಅಲ್ಲಾಡಬೇಡ ಅಂತ ತಮಿಳಿನಲ್ಲಿ ಬೈಯುತ್ತಾ ಇಳಿಸಿದ. ಇಳಿದ ಮೇಲೆ ಚಿಕ್ಕಮಾವನ ಕಾಲು ಮುಟ್ಟಿ ಮುಟ್ಟಿ ನೋಡಿದ, ಎಲ್ಲಾ ಬೆರಳೂ ಇವೆಯಾ ಅಂತ. ಚಿಕ್ಕಮಾವನಿಗೆ ಬೆರಳಿನ ಚಿಂತೆ ಇರಲಿಲ್ಲ, ಹೋದ ಮಾನದ ಚಿಂತೆ. ಈ ಬಡ್ಡೀಮಗ ಬೇಕಂತಲೇ ನನ್ನನ್ನ ಊರ ಮುಂದೆ ಎತ್ತಿ ತೋರಿಸ್ದ ಅಂತ ಅವತ್ತೇ ಶುರು ಮಾಡಿದ್ದು, ಸಾಯುವವರೆಗೂ ಬಿಡಲಿಲ್ಲ.

ಮರುವರ್ಷ ರಾಗಿ ಎದೆಯುದ್ದ ಬೆಳೆದು ತೆನೆ ಬಿಟ್ಟಿತ್ತು. ಅಂಥಾ ಬೆಳೆ ನಾನು ಆಮೇಲೆ ನೋಡಲಿಲ್ಲ. ಆಗ ಬಂದವು ಸುಣ್ಣ ಬಳಿದ ಕಲ್ಲುಗಳು. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯ ಕಡೆಗೆ ಹೊಸ ದಾರಿಯಂತೆ, ಅದು ನಮ್ಮ ಹೊಲದ ನಟ್ಟನಡುವೆ ಹಾದು ಹೋಗುತ್ತದಂತೆ. ಕಾಗದ ಮೊದಲೇ ಬಂದಿತ್ತು, ಹೊಲ ಬಿಡಬೇಕು ಅನ್ನುವುದು ಗೊತ್ತಿತ್ತು. ಆದರೆ ಬೆಳೆ ಕೊಯ್ಯುವವರೆಗೆ ಯಾರೂ ಬರಲಿಕ್ಕಿಲ್ಲ ಅಂತ ನಂಬಿ ಬಿತ್ತಿದ್ದೆವು. ಒಂದು ಬೆಳಗ್ಗೆ ರಸ್ತೆ ಕೆಲಸ ನೋಡಿಕೊಳ್ಳುವ ಓವರ್ಸಿಯರು ಬೈಸಿಕಲ್ ತಳ್ಳಿಕೊಂಡು ಬಂದ. ಅವನ ಹಿಂದೆ ಬೂದಿ ಬಣ್ಣದ ಟ್ರಾಕ್ಟರ್, ಅದರ ಹಿಂದೆ ಬ್ಲೇಡು. ಮೇಲೆ ನಮ್ಮ ಟ್ರಾಕ್ಟರ್‌ನೋನು.

"ನಾನು ಹೇಳಿರ್ಲಿಲ್ವಾ," ಅಂದರು ಅತ್ತೆ. ಹೋಗಿ ರಾಗಿಯ ನಡುವೆ ಕೂತುಬಿಟ್ಟರು. ತಲೆ ಕೂಡ ಕಾಣುತ್ತಿರಲಿಲ್ಲ, ಎಲ್ಲಿ ಕೂತಿದ್ದಾರೆ ಅಂತ ತೆನೆ ಅಲ್ಲಾಡಿದ್ದರಿಂದಷ್ಟೇ ಗೊತ್ತಾಗುತ್ತಿತ್ತು.

ಯಜಮಾನರು ಓವರ್ಸಿಯರ ಕೈ ಹಿಡಿದು ಬೇಡಿದರು. ಇನ್ನೊಂದು ಹದಿನೈದು ದಿನ ಸಾರ್, ಕಾಳು ಬಲಿಯಲಿ, ಕೊಯ್ದುಕೊಂಡು ಬಿಟ್ಟುಕೊಡ್ತೀವಿ. ನನ್ನ ಕೈಯಲ್ಲಿ ಏನಿದೆ, ಮೇಲಿನವರು ನನ್ನ ಚರ್ಮ ಸುಲಿಯುತ್ತಾರೆ ಅಂದ ಅವನು. ಟ್ರಾಕ್ಟರ್‌ನೋನು ಇವರಿಬ್ಬರ ಮಾತಿಗೂ ತನಗೂ ಸಂಬಂಧ ಇಲ್ಲದವನ ಹಾಗೆ ಇಳಿದು ಬಂದ. ಒಂದು ತೆನೆ ಬಗ್ಗಿಸಿ, ಕಾಳನ್ನು ಬೆರಳ ನಡುವೆ ಹಿಸುಕಿದ. ಹಾಲು ಬಂತು. ಬೆರಳನ್ನು ಚಡ್ಡಿಗೆ ಒರೆಸಿಕೊಂಡು, ಇವತ್ತು ಲಿಫ್ಟು ಒಂಥರಾ ಎಳೀತಿದೆ ಸಾರ್, ಎಣ್ಣೆ ನೋಡ್ಬೇಕು, ನಾಳೆ ಶುರು ಮಾಡಾಣ ಅಂದ. ಅನುಮಾನದ ಪ್ರಾಣಿ ಅಂತ ಆತನ ಹೆಸರು ರಸ್ತೆ ಕೆಲಸದವರಲ್ಲೂ ಇತ್ತು. ಓವರ್ಸಿಯರು ಹಣೆ ಚಚ್ಚಿಕೊಂಡು ಹೋದ. ಟ್ರಾಕ್ಟರ್ ನಮ್ಮ ಹೊಂಗೆ ಮರದ ಕೆಳಗೇ ಉಳಿಯಿತು.

ಮರುದಿನ ಓವರ್ಸಿಯರು ಬಂದಾಗ ಆತ ಟ್ರಾಕ್ಟರಿನ ಸುತ್ತ ಹುಚ್ಚನ ಹಾಗೆ ತಿರುಗುತ್ತಿದ್ದ. ಬ್ಲೇಡು ನೆಲದಲ್ಲಿ ಬೇರೆಯಾಗಿ ಬಿದ್ದಿತ್ತು. ಮೂರು ಪಿನ್ನುಗಳೂ ಇಲ್ಲ, ಆತನ ಸೊಂಟದ ಕಿಣಿಕಿಣಿಯೂ ಇಲ್ಲ. ಊರೆಲ್ಲಾ ಸೇರಿತ್ತು. ಎಲ್ಲರಿಗೂ ಕೇಳುವ ಹಾಗೆ ಆತ ಹೇಳಿದ:

"ಈ ಊರೋರೇ ಕದ್ದವ್ರೆ ಸಾರ್. ಇಲ್ಲಿ ಒಬ್ರನ್ನೂ ನಂಬೋ ಹಂಗಿಲ್ಲ."

ಆ ಮಾತಿಗೆ ಊರಿಗೆ ಬೆಂಕಿ ಬಿತ್ತು. ನಮ್ಮ ಊರಿನ ಹಿತ್ತಿಲ ಬಾಗಿಲಿಗೆ ಅಗುಳಿ ಕೂಡ ಇರಲಿಲ್ಲ, ನಮ್ಮನ್ನು ಕಳ್ಳರು ಅಂದನಲ್ಲ ಅಂತ. ಚಿಕ್ಕಮಾವ ಹಿಂದಿನ ವರ್ಷದ ಬಾಕಿ ತೀರಿಸಿಕೊಳ್ಳುವವನ ಹಾಗೆ ನುಗ್ಗಿ ಅಂಗಿಯ ಕೊರಳಪಟ್ಟಿ ಹಿಡಿದೇಬಿಟ್ಟಿತು. ಯಜಮಾನರು ನಡುವೆ ಬಿದ್ದು ಬಿಡಿಸಿದರು. ಆತ ಎರಡು ಕೈಯಲ್ಲೂ ಅಂಗಿಯ ಕೆಳಗಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದ. ಹೊಡೆತಕ್ಕೆ ಹೆದರಿದ ಅಂತ ನಗಾಡಿದೆವು. ಓವರ್ಸಿಯರು ಪೊಲೀಸರನ್ನು ಕರೆಸ್ತೀನಿ ಅಂತ ಕೂಗಾಡಿ, ಮನೆ ಮನೆ ಹೊಕ್ಕು ನೆಲದೊಳಗೆ ರಾಗಿ ತುಂಬಿಡುವ ಹಗೇವಿನ ಬಾಯಿಯವರೆಗೂ ಇಣುಕಿ ಬಂದ. ನಮ್ಮತ್ತೆಯ ಕಡ್ಲೆಡಬ್ಬಿಯನ್ನೂ ಬಿಡಲಿಲ್ಲ. ಸಿಗಲಿಲ್ಲ.

ಯಾವುದಾದರೂ ಬೋಲ್ಟು ತೂರಿಸಿ ಕೆಲಸ ನೋಡಯ್ಯ ಅಂದ ಕೊನೆಗೆ. ತೂರಿಸ್ತೀನಿ ಸಾರ್, ಬ್ಲೇಡು ಕಳಚಿ ಬಿದ್ದು ಯಾರದಾದರೂ ಕಾಲು ಹೋದರೆ ನೀವೇ ಹೊಣೆ ಅಂತ ಈ ಜನದ ಮುಂದೆ ಹೇಳಿಬಿಡಿ ಅಂದ ಆತ. ಓವರ್ಸಿಯರು ಹಿಂದೆ ಸರಿದ. ಪರದೇಶದ ಸೀಮೆಯಿಂದ ಬಂದ ಟ್ರಾಕ್ಟರು, ಅದರ ಪಿನ್ನು ಮದರಾಸಿನಿಂದಲೇ ಬರಬೇಕು. ತರಿಸಲು ಹೇಳಿ ಕಳಿಸಿದರು. ಅಲ್ಲಿಯವರೆಗೆ ಕಾವಲಿಗೆ ಅಂತ ಆತ ಹೊಂಗೆ ಮರದ ಕೆಳಗೇ ಕೂತ. ಹೋಗುವ ಬರುವವರನ್ನೆಲ್ಲಾ ಕಳ್ಳರನ್ನು ನೋಡುವ ಹಾಗೆ ನೋಡುತ್ತಿದ್ದ. ಊರು ಆತನ ಮುಂದೆ ನೆಲಕ್ಕೆ ಉಗಿದು ಮುಂದೆ ಹೋಗುತ್ತಿತ್ತು. ಲಂಚಕ್ಕೆ ಕಾಯ್ತಾವ್ನೆ ಅಂದರು ಕೆಲವರು. ನಮ್ಮ ಮೇಲೆ ಕೇಸು ಹಾಕಿಸೋಕೆ ನೋಡ್ತಾವ್ನೆ ಅಂದಿತು ಚಿಕ್ಕಮಾವ.

ದಿನ ಕಳೆದವು, ಬಿಸಿಲು ಚೆನ್ನಾಗಿ ಹೊಡೆಯಿತು, ಕಾಳು ಕೆಂಪಾಯಿತು. ಇನ್ನು ತಡ ಮಾಡಿದರೆ ಆಗದು ಅಂತ ಯಜಮಾನರು ಕುಡುಗೋಲು ಮಸೆದರು. ಆವತ್ತು ಕರೆಯದೆಯೇ ಊರಿಗೆ ಊರೇ ಬಂತು. ಬೇರೆ ವರ್ಷ ಬದಲಿಗೆ ಬದಲು ದುಡಿಯುವ ಮುಯ್ಯಾಳು ಕೇಳಿದರೂ ನಾಳೆ ನಾಡಿದ್ದು ಅನ್ನುತ್ತಿದ್ದವರು ಕೂಡಾ ಕುಡುಗೋಲು ಹಿಡಿದು ಇಳಿದರು. ಕಳ್ಳರು ಅನ್ನಿಸಿಕೊಂಡ ಸಿಟ್ಟನ್ನೆಲ್ಲಾ ರಾಗಿಯ ಬುಡಕ್ಕೆ ಹಾಕಿ ಕೊಯ್ದರು.

ನಾನು ಕೊಯ್ಯುವವರಿಗೆ ಬುತ್ತಿ ಹೊತ್ತುಕೊಂಡು ಬಾವಿಯ ಕಡೆಯಿಂದ ಬಂದೆ. ಆತ ಅಂಗಿ ಬಿಚ್ಚಿಟ್ಟು, ನನಗೆ ಬೆನ್ನಾಗಿ ನೀರು ಸೇದಿ ಮುಖ ತೊಳೆಯುತ್ತಿದ್ದ. ಕಪ್ಪು ಉಡಿದಾರಕ್ಕೆ ಹಳೇ ಬಟ್ಟೆಯ ಚೂರು ಸುತ್ತಿದ ಗಂಟೊಂದು ಕಟ್ಟಿತ್ತು. ನೀರಿಗೆ ಬಟ್ಟೆ ನೆನೆದು ಜಾರಿ, ಪಿನ್ನುಗಳ ತಲೆಯ ಮೂರು ಬಳೆಗಳು ಹೊರಗೆ ಕಾಣುತ್ತಿದ್ದವು. ಕಿಣಿಕಿಣಿ ಅನ್ನದಿರಲಿ ಅಂತ ಬಟ್ಟೆ ಸುತ್ತಿದ್ದ. ತಿರುಗಿ ನೋಡಿದ. ನಾನು ನೋಡಿದ್ದು ಆತನಿಗೆ ಗೊತ್ತಾಯಿತು. ಅವಸರ ಮಾಡದೆ ಅಂಗಿ ತೊಟ್ಟುಕೊಂಡ. ಆಮೇಲೆ ಹೊಲದ ಕಡೆ ನೋಡುತ್ತಾ ಕೇಳಿದ:

"ಇನ್ನೆಷ್ಟು ಉಳೀತು ತಾಯಿ?"

"ಸಂಜೆಗೆ ಮುಗೀತದೆ ಅಣ್ಣ," ಅಂದೆ.

"ಮುಗೀಲಿ," ಅಂದ.

ಮನೆಗೆ ಬಂದು ಒಲೆಯ ಮುಂದೆ ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಊದುಗೊಳವೆಯನ್ನು ಕೆಳಗಿಟ್ಟು ಒಲೆಯ ಕೊಳ್ಳಿಗಳನ್ನು ಒಂದೊಂದಾಗಿ ಹಿಂದಕ್ಕೆಳೆದರು. ನನ್ನ ಮಾತು ನಂಬುವುದೋ ಬೇಡವೋ ಅಂತ ತೂಗುತ್ತಿದ್ದಾರೆ ಅಂದುಕೊಂಡೆ. "ನೀನು ಏನೂ ನೋಡಿಲ್ಲ," ಅಂದರು ಆಮೇಲೆ. "ನಾನೂ ಏನೂ ಕೇಳಿಲ್ಲ. ನಿನ್ ಗಂಡಂಗೂ ಹೇಳ್ಬೇಡ, ಗಂಡಸ್ರ ಬಾಯಿ ತೂತು ಮಡಕೆ."

ಕೊನೆಯ ಹೊರೆ ಕಣ ಸೇರಿದ ಮರುದಿನ ಪಿನ್ನುಗಳು ಸಿಕ್ಕವು. ಸಾಮಾನಿನ ಪೆಟ್ಟಿಗೆಯ ತಳದಲ್ಲಿ, ಎಣ್ಣೆ ಬಟ್ಟೆಯ ಕೆಳಗೇ ಇದ್ದವಂತೆ. ಓವರ್ಸಿಯರು ಊರ ಮುಂದೆಯೇ ಆತನಿಗೆ ಛೀಮಾರಿ ಹಾಕಿದ. ಕಣ್ಣು ಹೋಗಿದೆಯಾ, ಕುಡೀತೀಯಾ, ನಿನಗಿಂತ ಕತ್ತೆ ಮೇಲು ಅಂತೆಲ್ಲಾ ಅಂದ. ಒಂದು ಸುಣ್ಣದ ಗೆರೆ ಅಳಿಸಿದರೂ ಊರೆಲ್ಲಾ ಕೆದಕುತ್ತಿದ್ದ ಮನುಷ್ಯ ತಲೆ ತಗ್ಗಿಸಿ, ಮರೆತುಹೋಯ್ತು ಸಾರ್, ವಯಸ್ಸಾಯ್ತು ಅಂದ. ಊರು ಸಿಳ್ಳೆ ಹಾಕಿ ನಕ್ಕಿತು. ಚಿಕ್ಕಮಾವ ಎಲ್ಲರಿಗಿಂತ ಜೋರಾಗಿ ನಕ್ಕಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ, ನಗುವುದಕ್ಕಲ್ಲ. ಆತ ಎಡ ತೋಳು, ಬಲ ತೋಳು, ಮೇಲಿನದು ಅಂತ ಎಂದಿನ ಹಾಗೆ ಕಟ್ಟಿ, ಬ್ಲೇಡನ್ನು ನಾವು ಕೊಯ್ದು ಉಳಿದ ಕೂಳೆಯ ಮೇಲೆ ಇಳಿಸಿದ.

ರಸ್ತೆಯ ಕೆಲಸ ಬಹಳ ದಿನ ನಡೆಯಿತು. ಅಷ್ಟರಲ್ಲಿ ನಮ್ಮ ರಾಗಿ ಬಡಿದು, ತೂರಿ, ಬೀಸಿದ್ದೂ ಆಯಿತು. ಹೊಸ ರಾಗಿಯ ಮೊದಲ ಮುದ್ದೆ ದೇವರ ಮುಂದಿಟ್ಟ ದಿನ ಅತ್ತೆ ಒಂದು ತಟ್ಟೆಯಲ್ಲಿ ಎರಡು ಮುದ್ದೆ, ಅವರೆಕಾಳಿನ ಸಾರು ಹಾಕಿ ಮುಚ್ಚಿಕೊಂಡು, ನನ್ನನ್ನೂ ಕರೆದುಕೊಂಡು ಹೊರಟರು. ಆತ ಹೊಂಗೆ ಮರದ ಹತ್ತಿರ ಬ್ಲೇಡು ನೆಲಕ್ಕಿಳಿಸಿ ಇಂಜಿನ್ ನಿಲ್ಲಿಸುತ್ತಿದ್ದ. ಅತ್ತೆ ತಟ್ಟೆಯನ್ನು ನೆಲದ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತರು.

"ಒಂದು ಕೇಳ್ತೀನಿ, ಸುಳ್ಳಾಡ್ಬೇಡ. ಮೊದಲ್ನೇ ದಿನ ಬಂದು ಹಾರೇಲಿ ತಿವೀತಿದ್ಯಲ್ಲ, ನೀನು ಹುಡುಕ್ತಿದ್ದಿದ್ದು ಕಲ್ಲೋ, ರಸ್ತೆಯೋ?"

ಆತ ಬೆವರು ಒರೆಸಿಕೊಂಡ. ಹತ್ತಿರ ಯಾರಿದ್ದಾರೆ ಅಂತ ಎರಡೂ ಕಡೆ ನೋಡಿದ.

"ಎರಡೂ ಕಣಮ್ಮ," ಅಂದ. "ಇಲ್ಲಿ ರಸ್ತೆ ಬರ್ತದೆ, ಕೆಳಗೆ ಬಂಡೆ ಇದ್ಯಾ ನೋಡ್ಕೊಂಡು ಬಾ ಅಂತ ಕಂಟ್ರಾಕ್ಟರ್ ಹೇಳಿದ್ದ."

ಅತ್ತೆ ತಲೆಯಾಡಿಸಿದರು. ಇಷ್ಟು ದಿನ ತಾನು ಅನುಮಾನಪಟ್ಟದ್ದು ನಿಜ ಅಂತ ತಿಳಿದು ಅವರ ಮುಖದಲ್ಲಿ ಒಂದು ಸಮಾಧಾನ ಬಂದದ್ದನ್ನು ನಾನು ನೋಡಿದೆ. ಕಾಲಿನಿಂದಲೇ ತಟ್ಟೆಯನ್ನು ಆತನ ಕಡೆಗೆ ಅಷ್ಟು ಸರಿಸಿದರು. ಆತ ಕುಕ್ಕರಗಾಲಿನಲ್ಲಿ ಕೂತು ಮುಚ್ಚಿದ ಎಲೆ ತೆಗೆದ. ಬಗ್ಗಿ ಮೂಸಿದ. ತಲೆ ಎತ್ತಿ ಅತ್ತೆಯ ಮುಖವನ್ನೇ ದಿಟ್ಟಿಸಿದ.

"ಇದ್ರಲ್ಲಿ ಏನು ಹಾಕಿದ್ದೀರಿ?"

"ವಿಷ," ಅಂದರು ಅತ್ತೆ. "ಉಣ್ಣು."

ಆತ ಎದ್ದು ಟ್ರಾಕ್ಟರಿನ ಹತ್ತಿರ ಹೋದ. ಬಿಟ್ಟೇ ಹೋದ ಅಂದುಕೊಂಡೆ. ಪಿನ್ನುಗಳನ್ನು ಮುಟ್ಟಿ ನೋಡಿ, ಕೀಳದೆ ಹಾಗೇ ಬಿಟ್ಟು ಬಂದ. ಟ್ರಾಕ್ಟರಿಗೆ ಬೆನ್ನು ಹಾಕಿ ನಮ್ಮ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಎರಡು ಮುದ್ದೆಯನ್ನೂ ನುಂಗಿ, ಸಾರು ಇನ್ನೊಂದಿಷ್ಟು ಇದೆಯಾ ಅಂತ ಕೇಳಿದ.